ಬಂಡೆ ಮಣ್ಣಾಗುವುದನ್ನು ಕಣ್ಣಾರೆ ನೋಡುವುದು ಹೇಗೆ?

ಮಳೆಗಾಲ ಮುಗಿದ ಹೊಸತು. ರಾಮನಗರದ ಹತ್ತಿರ ಒಂದು ಹಳ್ಳಿ ರಸ್ತೆಯ ಬದಿಯಲ್ಲಿ, ಜೆಸಿಬಿ ಕೊರೆದು ಬಿಟ್ಟ ದಿಬ್ಬದ ಮುಂದೆ ನಿಂತಿದ್ದೆ. ಜೊತೆಗೆ ಏಳನೇ ಕ್ಲಾಸಿನ ನನ್ನ ಅಕ್ಕನ ಮಗಳು. ಅವಳು ದಿಬ್ಬದಿಂದ ಒಂದು ಕಲ್ಲು ಕಿತ್ತಳು. ನೋಡೋಕೆ ಪಕ್ಕಾ ಗ್ರಾನೈಟ್. ಬಿಳಿ, ಕಪ್ಪು, ನಸುಗೆಂಪು ಹರಳುಗಳೆಲ್ಲ ಅದರದರ ಜಾಗದಲ್ಲೇ ಇದ್ದವು. ಸುಮ್ನೆ ಹಿಸುಕಿದಳು, ಕಲ್ಲು ಅಂಗೈಯಲ್ಲೇ ಪುಡಿಯಾಯಿತು. "ಮಾಮ, ಇದು ಕಲ್ಲಾ ಮಣ್ಣಾ?" ಅಂದಳು.

ಎರಡೂ ಹೌದು. ಅದು ಕಲ್ಲು ಮಣ್ಣಾಗುವ ದಾರಿಯಲ್ಲಿ ಅರ್ಧಕ್ಕೆ ಸಿಕ್ಕಿಬಿದ್ದ ವಸ್ತು. ನಮ್ಮ ಕಡೆ ಇದನ್ನು ಗರಸು ಅನ್ನುತ್ತಾರೆ, ಕೆಲವರು ಮೊರಂ ಅನ್ನುತ್ತಾರೆ. ಪಾಠದ ಪುಸ್ತಕದಲ್ಲಿ ಈ ಕ್ರಿಯೆಗೆ ಶಿಥಿಲೀಕರಣ ಅಂತ ಹೆಸರು. ಭೌತಿಕ, ರಾಸಾಯನಿಕ, ಜೈವಿಕ ಅಂತ ಮೂರು ವಿಧ ಬರೆದು, ಎರಡು ಅಂಕ ತಗೊಂಡು, ಎಲ್ಲರೂ ಮರೆತುಬಿಡುತ್ತೇವೆ. ಬೇಜಾರಿನ ವಿಷಯ ಅಂದರೆ ಇದು ಪುಸ್ತಕದಲ್ಲಿ ಓದುವ ವಿಷಯವೇ ಅಲ್ಲ. ಕರ್ನಾಟಕದಲ್ಲಿ ಯಾವ ಊರಿನಲ್ಲಿದ್ದರೂ ಒಂದು ಬೆಳಗ್ಗೆ ಬಿಡುವು ಮಾಡಿಕೊಂಡರೆ ಇದನ್ನು ಕೈಯಲ್ಲಿ ಮುಟ್ಟಿ ನೋಡಬಹುದು. ಹೇಗೆ ಅಂತ ಹಂತ ಹಂತವಾಗಿ ಹೇಳುತ್ತೇನೆ.

ಹೊರಡುವ ಮೊದಲು ಒಂದು ಮಾತು ತಲೆಯಲ್ಲಿರಲಿ. ಬಂಡೆ ಬಿಸಿಲಿಗೆ, ಗಾಳಿಗೆ ಮೇಲಿನಿಂದ ಸವೆಯುತ್ತದೆ ಅಂತ ನಾವು ಅಂದುಕೊಂಡಿರುತ್ತೇವೆ. ನಮ್ಮ ಕಡೆ ಬಹುಪಾಲು ಕೆಲಸ ನಡೆಯುವುದು ನೆಲದ ಅಡಿಯಲ್ಲಿ, ಕತ್ತಲಲ್ಲಿ. ಆ ಕೆಲಸ ಮಾಡುವುದು ನೀರು. ಗುಡ್ಡದ ಮೇಲೆ ಕಾಣುವ ಬಂಡೆಗಳು ಆ ಕೆಲಸದಲ್ಲಿ ಕರಗದೆ ಉಳಿದವು. ಇದು ಗೊತ್ತಿದ್ದರೆ ನೋಡುವ ದಿಕ್ಕೇ ಬದಲಾಗುತ್ತದೆ.

ಇನ್ನೊಂದು ಗೊಂದಲವನ್ನೂ ಈಗಲೇ ಬಿಡಿಸಿಬಿಡೋಣ. ಬಂಡೆ ಇದ್ದ ಜಾಗದಲ್ಲೇ ಒಡೆದು, ಕೊಳೆತು ಸಡಿಲವಾಗುವುದು ಶಿಥಿಲೀಕರಣ. ಸಡಿಲವಾದದ್ದನ್ನು ನೀರೋ ಗಾಳಿಯೋ ಹೊತ್ತುಕೊಂಡು ಹೋಗುವುದು ಸವೆತ. ಮೊದಲನೆಯದು ಆಗದೆ ಎರಡನೆಯದು ಆಗುವುದು ಕಷ್ಟ.

ಏನೇನು ತಗೊಂಡು ಹೋಗಬೇಕು

ದುಬಾರಿ ಸಾಮಾನು ಏನೂ ಬೇಡ. ಎರಡು ಲೀಟರ್ ನೀರು (ಕುಡಿಯುವ ನೀರು ಬೇರೆ), ಅಂಚಿರುವ ಸ್ಟೀಲ್ ತಟ್ಟೆ, ಒಂದು ಕಬ್ಬಿಣದ ಮೊಳೆ, ಭೂತಗನ್ನಡಿ, ಒಂದು ನೋಟ್‌ಬುಕ್. ಫೋಟೋ ತೆಗೆಯುವಾಗ ಅಳತೆಗೆ ಅಂತ ಪಕ್ಕದಲ್ಲಿ ಇಡೋಕೆ ಒಂದು ನಾಣ್ಯ. ಸುತ್ತಿಗೆ ಬೇಡವೇ ಬೇಡ. ಹಂಪಿ, ಬಾದಾಮಿ, ಲಾಲ್‌ಬಾಗ್‌ನಂಥ ಜಾಗಗಳಲ್ಲಿ ಬಂಡೆಗೆ ಪೆಟ್ಟು ಕೊಡುವುದು ತಪ್ಪು. ಬೇರೆ ಕಡೆಯೂ ಅದರ ಅಗತ್ಯ ಬೀಳುವುದಿಲ್ಲ. ಉದುರಿದ ಕಲ್ಲು ಬೇಕಾದಷ್ಟು ಬಿದ್ದಿರುತ್ತದೆ.

ನವೆಂಬರ್‌ನಿಂದ ಜನವರಿ ಒಳ್ಳೆಯ ಕಾಲ. ಮಳೆ ಹೊಸದಾಗಿ ತೊಳೆದಿರುತ್ತದೆ, ಹುಲ್ಲು ಒಣಗಲು ಶುರುವಾಗಿರುತ್ತದೆ, ಬಂಡೆ ಕಾದಿರುವುದಿಲ್ಲ. ಮಳೆ ಬರುವಾಗ ಬಂಡೆ ಹತ್ತಬೇಡಿ, ಪಾಚಿ ಮೇಲೆ ಕಾಲಿಟ್ಟರೆ ಜಾರಿ ಬೀಳುತ್ತೀರಿ. ಕಡಿದಾದ ಬಂಡೆಗಳಲ್ಲಿ ಹೆಜ್ಜೇನು ಕಟ್ಟಿರುತ್ತದೆ. ಅದರ ಕೆಳಗೆ ಕೂಗಾಡಬಾರದು, ಹೊಗೆ ಹಾಕಬಾರದು. ರಾಮನಗರ, ಹಂಪಿ ಹತ್ತಿರದ ದರೋಜಿ ಕಡೆ ಕರಡಿ ಇವೆ. ಬೆಳಕು ಹರಿದ ಮೇಲೆ ಹೋಗಿ, ಕತ್ತಲಾಗುವ ಮೊದಲು ಇಳಿದುಬಿಡಿ. ಅರಣ್ಯ ಇಲಾಖೆಯ ಜಾಗವಾದರೆ ಕೇಳಿ ಹೋಗಿ.

ಮೊದಲ ಹೆಜ್ಜೆ: ಗುಡ್ಡಕ್ಕಲ್ಲ, ಕೊರೆದ ದಿಬ್ಬಕ್ಕೆ ಹೋಗಿ

ಎಲ್ಲರೂ ನೇರ ಗುಡ್ಡ ಹತ್ತುತ್ತಾರೆ. ನಾನು ಹೇಳುವುದು, ಮೊದಲು ರಸ್ತೆಗೋ ಮನೆ ಪಾಯಕ್ಕೋ ಕೊರೆದ ಜಾಗ ಹುಡುಕಿ. ಹಳೆಯ ತೆರೆದ ಬಾವಿಯ ಒಳಗೋಡೆ ಆದರೂ ಸರಿ, ಆದರೆ ಕಟ್ಟೆಯ ಹೊರಗೇ ನಿಂತು ನೋಡಿ. ದಿಬ್ಬ ಸಡಿಲವಿದ್ದರೆ ಅದರ ಬುಡಕ್ಕೆ ಹೋಗಬೇಡಿ, ಒಂದು ಆಳು ಎತ್ತರದಷ್ಟು ದೂರ ನಿಲ್ಲಿ.

ಈಗ ಕೆಳಗಿನಿಂದ ಮೇಲಕ್ಕೆ ನೋಡುತ್ತಾ ಬನ್ನಿ.

ತಳದಲ್ಲಿ ಗಟ್ಟಿ ಬಂಡೆ. ಬೂದು ಬಣ್ಣ, ಮೊಳೆಯಿಂದ ಗೀರಿದರೆ ಏನೂ ಆಗುವುದಿಲ್ಲ. ಸ್ವಲ್ಪ ಮೇಲೆ ಬಂದರೆ ಬಂಡೆಯಲ್ಲಿ ಬಿರುಕುಗಳು, ಬಿರುಕಿನ ಎರಡೂ ಕಡೆ ಕಂದು ಬಣ್ಣದ ಪಟ್ಟಿ. ಚಹಾ ಚೆಲ್ಲಿದ ಕಾಗದದ ಹಾಗೆ. ಅದು ತುಕ್ಕು. ನೀರು ಅಲ್ಲಿಂದ ಹೋಗಿದೆ ಅನ್ನುವುದಕ್ಕೆ ಗುರುತು. ಇನ್ನೂ ಮೇಲೆ, ಗರಸಿನ ನಡುವೆ ದುಂಡು ದುಂಡು ಕಲ್ಲುಗಳು ಹುಗಿದುಕೊಂಡಿರುತ್ತವೆ, ಪಾಯಸದಲ್ಲಿ ಗೋಡಂಬಿ ಇದ್ದ ಹಾಗೆ. ಅದಕ್ಕೂ ಮೇಲೆ ಬರೀ ಗರಸು, ಆಮೇಲೆ ಕೆಂಪು ಮಣ್ಣು. ತುದಿಯಲ್ಲಿ ಬೇರು, ಎರೆಹುಳು, ಹುಲ್ಲು.

ಆ ದುಂಡು ಕಲ್ಲುಗಳನ್ನು ಚೆನ್ನಾಗಿ ನೋಡಿ. ಅವನ್ನು ಯಾವ ಹೊಳೆಯೂ ಉರುಳಿಸಿಕೊಂಡು ಬಂದು ಅಲ್ಲಿ ಹಾಕಿಲ್ಲ. ಅವು ಹುಟ್ಟಿದ ಜಾಗದಲ್ಲೇ ದುಂಡಾದವು. ಹತ್ತಿರದಿಂದ ನೋಡಿದರೆ ಸುತ್ತ ಈರುಳ್ಳಿ ಸಿಪ್ಪೆಯ ಹಾಗೆ ಪದರ ಕಾಣುತ್ತದೆ. ಹೊರಗಿನ ಪದರ ಪುಡಿ, ಅದರ ಒಳಗಿನದು ಅರೆಗಟ್ಟಿ, ನಡುವೆ ಇನ್ನೂ ಹೊಸ ಕಲ್ಲು. ಅಕ್ಕನ ಮಗಳಿಗೆ ಮೊಳೆ ಕೊಟ್ಟು ಹೊರಗಿನಿಂದ ಒಳಕ್ಕೆ ಗೀರುತ್ತಾ ಹೋಗು ಅಂದೆ. ಮೊದಲ ಎರಡು ಪದರದಲ್ಲಿ ಮೊಳೆ ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯಿತು. ಮೂರನೆಯದರಲ್ಲಿ ಕಿರ್ ಅಂತ ಸದ್ದು. ನಾಲ್ಕನೆಯದರಲ್ಲಿ ಮೊಳೆಯ ತುದಿಯೇ ಸವೆದು ಬೂದು ಗೆರೆ ಬಿತ್ತು. ಒಂದು ಗೇಣಿನ ಒಳಗೆ ಮಣ್ಣಿನಿಂದ ಬಂಡೆಯವರೆಗೆ ಪೂರ್ತಿ ಪಯಣ!

ಇಂಥ ದಿಬ್ಬಗಳು ಜಾಸ್ತಿ ದಿನ ಉಳಿಯುವುದಿಲ್ಲ. ಕಲ್ಲುಗೋಡೆ ಕಟ್ಟುತ್ತಾರೆ, ಇಲ್ಲವೇ ಲಾಂಟಾನ ಬೆಳೆದು ಮುಚ್ಚಿಬಿಡುತ್ತದೆ. ಕಂಡಾಗಲೇ ನೋಡಿಬಿಡಿ, ಫೋಟೋ ತೆಗೆದಿಡಿ.

ಎರಡನೇ ಹೆಜ್ಜೆ: ಒಂದು ಹಿಡಿ ಗರಸನ್ನು ತೊಳೆಯಿರಿ

ಇಡೀ ದಿನದಲ್ಲಿ ನನಗೆ ತುಂಬಾ ಇಷ್ಟವಾದ ಕೆಲಸ ಇದು. ಒಂದು ಹಿಡಿ ಗರಸನ್ನು ಸ್ಟೀಲ್ ತಟ್ಟೆಗೆ ಹಾಕಿ. ನೀರು ಹೊಯ್ದು ಬೆರಳಲ್ಲಿ ಕಿವುಚಿ, ಅಕ್ಕಿ ತೊಳೆಯುವ ಹಾಗೆ. ನೀರು ಅಕ್ಕಿ ಕಲಗಚ್ಚಿನ ಹಾಗೆ ಬೆಳ್ಳಗೋ ಕೆಂಪಗೋ ಆಗುತ್ತದೆ. ಅದನ್ನು ಚೆಲ್ಲದೆ ಒಂದು ಬಾಟಲಿಗೆ ಬಗ್ಗಿಸಿಡಿ. ಹೀಗೆ ನಾಲ್ಕೈದು ಸಲ ತೊಳೆದರೆ ನೀರು ತಿಳಿಯಾಗುತ್ತದೆ.

ಈಗ ತಟ್ಟೆಯಲ್ಲಿ ಉಳಿದದ್ದನ್ನು ಭೂತಗನ್ನಡಿ ಹಿಡಿದು ನೋಡಿ. ಗಾಜಿನ ಚೂರಿನ ಹಾಗಿರುವುದು ಬೆಣಚು (ಕ್ವಾರ್ಟ್ಜ್). ಅದಕ್ಕೆ ಏನೂ ಆಗಿಲ್ಲ. ಮಿಣಿಮಿಣಿ ಹೊಳೆಯುವ ತೆಳು ಹಾಳೆಗಳು ಅಭ್ರಕ, ನಮ್ಮ ಹಳ್ಳಿಗಳಲ್ಲಿ ಮಕ್ಕಳು ಕಾಗೆ ಬಂಗಾರ ಅಂತ ಆರಿಸುವುದು ಇದನ್ನೇ. ಬಂಡೆಯಲ್ಲಿ ಕಪ್ಪಗಿದ್ದ ಅಭ್ರಕ ಇಲ್ಲಿ ಕಂದು, ಹೊಂಬಣ್ಣಕ್ಕೆ ತಿರುಗಿರುತ್ತದೆ. ಅದರೊಳಗಿನ ಕಬ್ಬಿಣ ತುಕ್ಕು ಹಿಡಿದಿದೆ. ಇನ್ನು ಬಿಳಿ ಅಥವಾ ನಸುಗೆಂಪು ತುಂಡುಗಳು ಫೆಲ್ಡ್‌ಸ್ಪಾರ್. ಅವುಗಳಲ್ಲಿ ಒಂದನ್ನು ಉಗುರಿನಿಂದ ಒತ್ತಿ. ಸುಣ್ಣದ ಪುಡಿಯ ಹಾಗೆ ಉದುರಿದರೆ ಅದು ಜೇಡಿಮಣ್ಣಾಗುತ್ತಿದೆ ಅಂತ ಅರ್ಥ. ಬಾಟಲಿಯಲ್ಲಿ ಹಿಡಿದಿಟ್ಟ ಕಲಗಚ್ಚು ಅದರದೇ. ಅದನ್ನು ಮನೆಗೆ ತಂದು ಎರಡು ದಿನ ಅಲ್ಲಾಡಿಸದೆ ಇಟ್ಟರೆ ತಳದಲ್ಲಿ ನುಣ್ಣನೆ ಜೇಡಿ ಕೂರುತ್ತದೆ.

ಯಾಕೆ ಹೀಗೆ? ಮಳೆ ನೀರು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ತುಸು ಹುಳಿಯಾಗುತ್ತದೆ. ಹೊಗೆ, ಮಾಲಿನ್ಯ ಏನೂ ಇಲ್ಲದ ಕಡೆಯೂ ಅದರ ಪಿಎಚ್ (ಹುಳಿಯ ಅಳತೆ, 7ಕ್ಕಿಂತ ಕೆಳಗೆ ಇಳಿದಷ್ಟೂ ಹುಳಿ ಹೆಚ್ಚು) ಸುಮಾರು 5.6. ಮಣ್ಣಿಗೆ ಇಳಿದ ಮೇಲೆ ಬೇರುಗಳ ಉಸಿರು, ಕೊಳೆಯುವ ಎಲೆ ಸೇರಿ ಹುಳಿ ಇನ್ನೂ ಹೆಚ್ಚುತ್ತದೆ. ಈ ಹುಳಿನೀರು ಫೆಲ್ಡ್‌ಸ್ಪಾರಿನಿಂದ ಪೊಟ್ಯಾಸಿಯಂ, ಸೋಡಿಯಂ, ಕ್ಯಾಲ್ಸಿಯಂಗಳನ್ನು ಬಿಡಿಸಿಕೊಂಡು ಹೋಗುತ್ತದೆ. ಉಳಿದದ್ದು ಜೇಡಿಯಾಗುತ್ತದೆ. ಕಪ್ಪು ಅಭ್ರಕ ತುಕ್ಕು ಹಿಡಿಯುತ್ತಾ ಉಬ್ಬುತ್ತದೆ, ಉಬ್ಬಿ ಪಕ್ಕದ ಹರಳುಗಳನ್ನು ತಳ್ಳುತ್ತದೆ. ಬೆಣಚಿಗೆ ಮಾತ್ರ ನೀರಿನ ಈ ಆಟ ಹೆಚ್ಚೇನೂ ತಾಗುವುದಿಲ್ಲ. ಸುತ್ತಲಿನವರೆಲ್ಲ ಕೈಬಿಟ್ಟ ಮೇಲೆ ಅದು ಮರಳಾಗಿ ಉದುರುತ್ತದೆ. ಕಾವೇರಿ, ತುಂಗಭದ್ರೆಯ ಮರಳಿನಲ್ಲಿ ಹೆಚ್ಚಿನ ಪಾಲು ಬೆಣಚು ಇರುವುದು ಇದಕ್ಕೇ. ಯಾವ ಹರಳು ಮೊದಲು ಕೈಬಿಡುತ್ತದೆ, ಯಾವುದು ಕೊನೆಗೆ ಅನ್ನುವ ಸರಣಿಯನ್ನು ಅಮೆರಿಕದ ಭೂವಿಜ್ಞಾನಿ ಸ್ಯಾಮ್ಯುಯೆಲ್ ಗೋಲ್ಡಿಚ್ 1938ರಲ್ಲಿ ಬರೆದಿಟ್ಟರು. ನಿಮ್ಮ ತಟ್ಟೆಯಲ್ಲಿ ಈಗ ಇರುವುದು ಅದೇ ಸರಣಿ.

ನಮ್ಮ ಹೊಲದ ರಾಗಿಗೆ ಸಿಗುವ ಪೊಟ್ಯಾಸಿಯಂನಲ್ಲಿ ಒಂದು ಪಾಲು ಹೀಗೆ ಕಲ್ಲಿನಿಂದ ಬಿಡಿಸಿಕೊಂಡು ಬಂದದ್ದು. ಇದನ್ನು ಹೇಳಿದ ದಿನ ಅಕ್ಕನ ಮಗಳು ಮುದ್ದೆ ಮುರಿಯುತ್ತಾ "ಹಂಗಾದ್ರೆ ನಾವು ಬಂಡೆ ತಿಂತಿದ್ದೀವಿ" ಅಂದಳು. ಅವಳ ಮಾತು ಸರಿ.

ಮೂರನೇ ಹೆಜ್ಜೆ: ಈಗ ಗುಡ್ಡ ಹತ್ತಿ, ಬಿರುಕು ಹುಡುಕಿ

ರಾಮನಗರದ ಗುಡ್ಡಗಳು, ಸಾವನದುರ್ಗ, ಉತ್ತರಕ್ಕೆ ಹಂಪಿಯ ಬಂಡೆಗಳು, ಎಲ್ಲವೂ ಒಂದೇ ಗ್ರಾನೈಟ್ ಪಟ್ಟಿಗೆ ಸೇರಿದವು. ದಕ್ಷಿಣದಿಂದ ಉತ್ತರಕ್ಕೆ ಸುಮಾರು 400 ಕಿ.ಮೀ. ಹಬ್ಬಿದೆ. ವಯಸ್ಸು ಸುಮಾರು 250 ಕೋಟಿ ವರ್ಷ. ಭೂವಿಜ್ಞಾನದಲ್ಲಿ ಇದಕ್ಕೆ ಕ್ಲೋಸ್‌ಪೇಟ್ ಗ್ರಾನೈಟ್ ಅನ್ನುತ್ತಾರೆ. ಬ್ರಿಟಿಷರ ಕಾಲದಲ್ಲಿ ರಾಮನಗರಕ್ಕೆ ಮೈಸೂರಿನ ರೆಸಿಡೆಂಟ್ (ಬ್ರಿಟಿಷರ ಪ್ರತಿನಿಧಿ) ಆಗಿದ್ದ ಬ್ಯಾರಿ ಕ್ಲೋಸ್ ಅವರ ಹೆಸರಲ್ಲಿ ಕ್ಲೋಸ್‌ಪೇಟೆ ಅಂತ ಹೆಸರಿತ್ತು. ಊರಿನ ಹೆಸರು ಬದಲಾಯಿತು, ಕಲ್ಲಿನ ಹೆಸರು ಉಳಿಯಿತು.

ಬಂಡೆಯ ಮೈಮೇಲೆ ಉದ್ದುದ್ದ ಬಿರುಕುಗಳನ್ನು ಹುಡುಕಿ. ಎರಡು ದಿಕ್ಕಿನ ಬಿರುಕು ಒಂದನ್ನೊಂದು ಕತ್ತರಿಸುತ್ತವೆ. ನೆಲಕ್ಕೆ ಸಮನಾಗಿ ಮೂರನೆಯದೂ ಇರುತ್ತದೆ. ಹಾಗಾಗಿ ಬಂಡೆ ನೆಲದೊಳಗೆ ಇದ್ದಾಗಲೇ ದೊಡ್ಡ ದೊಡ್ಡ ಇಟ್ಟಿಗೆಗಳ ರಾಶಿಯಂತೆ ಭಾಗವಾಗಿತ್ತು. ನೀರು ಆ ಸಂದುಗಳಲ್ಲಿ ಇಳಿಯಿತು. ಇಟ್ಟಿಗೆಯ ಮುಖಕ್ಕೆ ನೀರು ಒಂದೇ ಕಡೆಯಿಂದ ತಾಗುತ್ತದೆ, ಅಂಚಿಗೆ ಎರಡು ಕಡೆಯಿಂದ, ಮೂಲೆಗೆ ಮೂರು ಕಡೆಯಿಂದ. ಮೂಲೆ ಬೇಗ ಕೊಳೆಯಿತು. ಚೌಕ ದುಂಡಾಯಿತು. ಆಮೇಲೆ ಮಳೆ ಸುತ್ತಲಿನ ಗರಸನ್ನು ಕೊಚ್ಚಿಕೊಂಡು ಹೋದಾಗ ಗುಂಡುಗಳು ಒಂದರ ಮೇಲೊಂದು ಹೊರಗೆ ಬಂದು ನಿಂತವು. ಹಂಪಿಯಲ್ಲಿ ಮಾತಂಗ ಬೆಟ್ಟದ ಮೇಲೆ ನಿಂತು ಸುತ್ತ ನೋಡಿ. ಯಾರೋ ಎತ್ತಿ ಜೋಡಿಸಿದ ಹಾಗೆ ಕಾಣುವ ಆ ಬಂಡೆಗಳನ್ನು ಯಾರೂ ಎತ್ತಲಿಲ್ಲ, ಸುತ್ತಲಿನ ಮಣ್ಣು ಇಳಿಯಿತು ಅಷ್ಟೇ.

ನಂಬಿಕೆ ಬರದಿದ್ದರೆ ಮನೆಯಲ್ಲಿ ಒಂದು ಅಚ್ಚು ಬೆಲ್ಲ ತಗೊಳ್ಳಿ. ಮೂಲೆಗಳು ಚೂಪಾಗಿರಲಿ. ಬಟ್ಟಲಲ್ಲಿ ಇಟ್ಟು ಮುಳುಗುವಷ್ಟು ನೀರು ಹಾಕಿ, ಕಲಕಬೇಡಿ. ಹತ್ತು ನಿಮಿಷಕ್ಕೊಮ್ಮೆ ಇಣುಕಿ. ಮೊದಲು ಮೂಲೆ ಹೋಗುತ್ತದೆ, ಆಮೇಲೆ ಅಂಚು, ಕೊನೆಗೆ ಒಂದು ಗುಂಡು ಉಳಿಯುತ್ತದೆ. ಮಕ್ಕಳಿಗೆ ಹಂಪಿ ಅರ್ಥ ಮಾಡಿಸಲು ನನಗೆ ಇದಕ್ಕಿಂತ ಒಳ್ಳೆಯ ದಾರಿ ಸಿಕ್ಕಿಲ್ಲ. ಪ್ರಯೋಗ ಮುಗಿದ ಮೇಲೆ ಪಾನಕ ಮಾಡಬಹುದು.

ಇಲ್ಲಿ ಒಂದು ಎಚ್ಚರಿಕೆ. ಹಂಪಿಯ ಎಷ್ಟೋ ಬಂಡೆಗಳಲ್ಲಿ ಸಮ ದೂರಕ್ಕೆ ಸಾಲಾಗಿ ಸಣ್ಣ ಗುಂಡಿಗಳಿವೆ, ಕೆಲವು ಆ ಸಾಲಿನ ಉದ್ದಕ್ಕೂ ನೇರ ಸೀಳಿವೆ. ಅದು ಕಲ್ಲುಕುಟಿಗರ ಕೆಲಸ, ಪ್ರಕೃತಿಯದಲ್ಲ. ಅಳೆದ ಹಾಗೆ ಸಮ ಇದ್ದರೆ ಮನುಷ್ಯರ ಕೈ ಅಂತ ತಿಳಿಯಿರಿ. ಮಲ್ಪೆ ಹತ್ತಿರದ ಸೇಂಟ್ ಮೇರೀಸ್ ದ್ವೀಪದ ಕಂಬಗಳು ಇದಕ್ಕೆ ತಿರುಗುಮುರುಗು. ಯಾರೋ ಕೆತ್ತಿದ ಹಾಗೆ ಕಂಡರೂ ಅವು ಲಾವಾ ತಣ್ಣಗಾಗುವಾಗ ಕುಗ್ಗಿ ಸೀಳಿದ್ದು. ಶಿಥಿಲೀಕರಣ ಅಲ್ಲಿ ಆಮೇಲೆ ಬಂದು ಸೇರಿಕೊಂಡಿದೆ.

ನಾಲ್ಕನೇ ಹೆಜ್ಜೆ: ಬಂಡೆಯನ್ನು ತಟ್ಟಿ ಕೇಳಿ

ಬೋಳು ಬಂಡೆಯ ಇಳಿಜಾರಿನಲ್ಲಿ, ಅಂಚಿನಿಂದ ದೂರ ಇದ್ದುಕೊಂಡು, ಒಂದು ಸಣ್ಣ ಕಲ್ಲಿನಿಂದ ಅಲ್ಲಲ್ಲಿ ಮೆಲ್ಲಗೆ ತಟ್ಟಿ. ಹೆಚ್ಚಿನ ಕಡೆ ಠಣ್ ಅನ್ನುತ್ತದೆ. ಕೆಲವು ಕಡೆ ಖಾಲಿ ಡಬ್ಬ ತಟ್ಟಿದ ಹಾಗೆ ಡಬ್ ಡಬ್ ಅನ್ನುತ್ತದೆ. ಅಲ್ಲಿ ಮೇಲಿನ ಪದರ ಬಿಟ್ಟುಕೊಂಡಿದೆ ಅಂತ ಅರ್ಥ. ಹತ್ತಿರದಲ್ಲೇ ಎಲ್ಲೋ ಒಂದು ಹಾಳೆ ಎದ್ದು ಬಿದ್ದಿರುವುದು ಕಾಣುತ್ತದೆ. ದೋಸೆಯ ಅಂಚು ಹಂಚಿನಿಂದ ಎದ್ದ ಹಾಗೆ. ಆ ಹಾಳೆಯ ಮೇಲೆ ನಿಲ್ಲಬೇಡಿ.

ಈ ಗ್ರಾನೈಟ್ ಹುಟ್ಟಿದ್ದು ಹಲವು ಕಿಲೋಮೀಟರ್ ಆಳದಲ್ಲಿ, ಸಿಕ್ಕಾಪಟ್ಟೆ ಭಾರದ ಕೆಳಗೆ. ಮೇಲಿನದೆಲ್ಲ ಸವೆದು ಹೋದಂತೆ ಭಾರ ಇಳಿಯಿತು. ಬಂಡೆ ಹೊರಮುಖವಾಗಿ ಸ್ವಲ್ಪ ಹಿಗ್ಗಿತು. ಹಿಗ್ಗಿದಾಗ ಮೈಗೆ ಸಮನಾಗಿ ಪದರ ಪದರವಾಗಿ ಬಿಟ್ಟುಕೊಂಡಿತು. ಸಾವನದುರ್ಗ, ಮಧುಗಿರಿಯಂಥ ಏಕಶಿಲಾ ಬೆಟ್ಟಗಳಿಗೆ ಆ ನುಣುಪಾದ ಗುಮ್ಮಟದ ಆಕಾರ ಬಂದದ್ದರಲ್ಲಿ ಇದರ ಪಾಲು ದೊಡ್ಡದು. ಬೆಂಗಳೂರಲ್ಲಿರುವವರು ಇಷ್ಟು ದೂರ ಹೋಗಬೇಕಿಲ್ಲ. ಲಾಲ್‌ಬಾಗ್ ಬಂಡೆ ಇದೆಯಲ್ಲ, ಸುಮಾರು 300 ಕೋಟಿ ವರ್ಷದ ನೈಸ್ (gneiss ಅನ್ನುವ ಪಟ್ಟೆಪಟ್ಟೆ ಬಂಡೆ) ಕಲ್ಲು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಕೆಂಪೇಗೌಡ ಗೋಪುರದ ಸುತ್ತ ಒಂದು ಸುತ್ತು ಹಾಕಿದರೆ ಸಿಪ್ಪೆ ಏಳುತ್ತಿರುವ ಜಾಗಗಳು ಕಾಣುತ್ತವೆ.

ಹಾಗಾದರೆ ಬಿಸಿಲಿನ ಪಾತ್ರ ಏನೂ ಇಲ್ಲವಾ? ಈ ಪ್ರಶ್ನೆ ಎಲ್ಲರೂ ಕೇಳುತ್ತಾರೆ, ಕೇಳಲೇಬೇಕಾದ ಪ್ರಶ್ನೆ. 1936ರಲ್ಲಿ ಅಮೆರಿಕದ ಭೂವಿಜ್ಞಾನಿ ಡೇವಿಡ್ ಗ್ರಿಗ್ಸ್ ಇದನ್ನೇ ಪರೀಕ್ಷೆ ಮಾಡಿದರು. ಪಾಲಿಶ್ ಮಾಡಿದ ಗ್ರಾನೈಟ್ ತುಂಡನ್ನು 89,400 ಸಲ ಕಾಯಿಸಿ ತಣಿಸಿದರು. 244 ವರ್ಷದ ಹಗಲು ರಾತ್ರಿಗೆ ಸಮ ಅದು. ಕಲ್ಲಿಗೆ ಕಣ್ಣಿಗೆ ಕಾಣುವಂಥದ್ದು ಏನೂ ಆಗಲಿಲ್ಲ. ಆಮೇಲೆ ತಣಿಸುವಾಗ ನೀರು ಸಿಂಪಡಿಸಿ ನೋಡಿದರು. ಆಗ ಎರಡೂವರೆ ವರ್ಷಕ್ಕೆ ಸಮನಾದ ಅವಧಿಯಲ್ಲೇ ಕಲ್ಲು ಹೊಳಪು ಕಳೆದುಕೊಂಡು ಬಿರುಕು ಬಿಡಲು ಶುರುವಾಯಿತು. ನೀರೇ ಮುಖ್ಯ ಕೆಲಸಗಾರ ಅಂತ ನಾನು ಪದೇ ಪದೇ ಹೇಳುವುದು ಇದಕ್ಕೇ.

ಆದರೆ ಬಿಸಿಲನ್ನು ಪೂರ್ತಿ ಬಿಟ್ಟುಬಿಡುವಂತಿಲ್ಲ. ಗ್ರಿಗ್ಸ್ ಅವರದು ಸಣ್ಣ ತುಂಡು, ಹಿಗ್ಗಲು ಸುತ್ತ ಜಾಗ ಇತ್ತು. ದೊಡ್ಡ ಬಂಡೆಗೆ ಆ ಅನುಕೂಲ ಇಲ್ಲ. ಕ್ಯಾಲಿಫೋರ್ನಿಯಾದ ಯೊಸೆಮಿಟಿಯಲ್ಲಿ ಅರ್ಧ ಬಿಟ್ಟುಕೊಂಡಿದ್ದ ಒಂದು ಗ್ರಾನೈಟ್ ಹಾಳೆಗೆ ಉಪಕರಣ ಅಳವಡಿಸಿ ನೋಡಿದಾಗ, ಅದು ದಿನವೂ ಬಿಸಿಲಿಗೆ ಸುಮಾರು ಒಂದು ಸೆಂಟಿಮೀಟರಿನಷ್ಟು ಹೊರಕ್ಕೆ ಬಾಗಿ ರಾತ್ರಿ ಹಿಂದಕ್ಕೆ ಬರುತ್ತಿತ್ತು. ಅಂದರೆ ಬಿಟ್ಟುಕೊಂಡ ಪದರವನ್ನು ಕೊನೆಗೆ ಕಿತ್ತು ಹಾಕುವುದರಲ್ಲಿ ಬಿಸಿಲಿನ ಕೈ ಇದೆ. ನಮ್ಮ ಕಲ್ಲು ಕೆಲಸದವರಿಗೆ ಈ ಗುಟ್ಟು ಮೊದಲೇ ಗೊತ್ತಿತ್ತು. ಬೆಂಗಳೂರು ಸುತ್ತಮುತ್ತ ಹಿಂದೆ ಬಂಡೆಯ ಮೇಲೆ ಸೌದೆ ಉರಿ ಹಾಕಿ, ಆ ಉರಿಯನ್ನು ಮೆಲ್ಲಗೆ ಮುಂದೆ ಸರಿಸುತ್ತಾ, ತಟ್ಟಿ ಸದ್ದು ಕೇಳುತ್ತಾ, ದೊಡ್ಡ ದೊಡ್ಡ ಚಪ್ಪಡಿಗಳನ್ನು ಎಬ್ಬಿಸುತ್ತಿದ್ದರು. ನೀವು ಈಗ ತಟ್ಟಿ ಕೇಳಿದಿರಲ್ಲ, ಅದು ಅವರ ವಿದ್ಯೆ.

ಐದನೇ ಹೆಜ್ಜೆ: ಬಂಡೆಯ ತಲೆಯ ಮೇಲೆ ಕೂತು ನೋಡುವುದು

ಬೆಟ್ಟದ ತುದಿಗೆ ಬಂದರೆ ದೊಣೆ ಇದೆಯಾ ನೋಡಿ. ಮಳೆ ನೀರು ನಿಲ್ಲುವ ಸಹಜ ಗುಂಡಿ. ಶುರುವಿನಲ್ಲಿ ಅಂಗೈಯಷ್ಟು ತಗ್ಗು ಇದ್ದಿರಬೇಕು. ನೀರು ನಿಂತಷ್ಟು ದಿನ ತಳದ ಫೆಲ್ಡ್‌ಸ್ಪಾರ್ ಕೊಳೆಯುತ್ತದೆ. ನೀರು ಆರಿದಾಗ ಸಡಿಲವಾದ ಹರಳುಗಳನ್ನು ಗಾಳಿ ಬಾಚುತ್ತದೆ, ಮುಂದಿನ ಮಳೆ ತುಳುಕಿಸಿ ಹೊರಹಾಕುತ್ತದೆ. ತಗ್ಗು ದೊಡ್ಡದಾದಷ್ಟು ನೀರು ಜಾಸ್ತಿ ದಿನ ನಿಲ್ಲುತ್ತದೆ, ನೀರು ನಿಂತಷ್ಟು ತಗ್ಗು ದೊಡ್ಡದಾಗುತ್ತದೆ. ದೊಣೆಯ ತಳಕ್ಕೆ ಕೈ ಹಾಕಿದರೆ ಒರಟು ಮರಳು ಸಿಗುತ್ತದೆ. ಅದು ಎಲ್ಲಿಂದಲೋ ಬಂದದ್ದಲ್ಲ, ಆ ಬಂಡೆಯದೇ. ನೀರಿದ್ದರೆ ಕಲಕಬೇಡಿ, ಹಕ್ಕಿಗಳಿಗೆ, ದನಗಾಹಿಗಳಿಗೆ ಅದೇ ಕುಡಿಯುವ ನೀರು.

ಬಂಡೆಯ ಮೈಮೇಲೆ ಬೂದು, ಹಸಿರು, ಕಿತ್ತಳೆ ಬಣ್ಣದ ಹಪ್ಪಳದಂಥ ಕಲೆಗಳಿರುತ್ತವೆ. ಅದು ಕಲ್ಲುಹೂವು. ಮಸಾಲೆಗೆ ಹಾಕುವ ಕಲ್ಲುಹೂವಿನ ಬಳಗದ್ದೇ, ಆದರೆ ಇದನ್ನು ಕಿತ್ತು ಸಾರಿಗೆ ಹಾಕಬೇಡಿ. ಶಿಲೀಂಧ್ರ ಮತ್ತು ಪಾಚಿ ಒಂದೇ ಮೈಯಲ್ಲಿ ಸಂಸಾರ ಮಾಡುವ ಜೀವಿ ಇದು. ಅದು ಸೂಸುವ ಹುಳಿ ಕಲ್ಲಿನ ಹರಳುಗಳನ್ನು ಕರಗಿಸುತ್ತದೆ, ಅದರ ಎಳೆಗಳು ಹರಳುಗಳ ಸಂದಿಗೆ ಇಳಿಯುತ್ತವೆ. ಒದ್ದೆಯಾದಾಗ ಉಬ್ಬಿ, ಒಣಗಿದಾಗ ಕುಗ್ಗಿ, ಹರಳನ್ನು ಕೀಳುತ್ತವೆ. ಕಲ್ಲುಹೂವು ಸತ್ತು ಉದುರಿದ ಜಾಗದಲ್ಲಿ ಒಂದು ಚಿಟಿಕೆ ಮಣ್ಣು ಉಳಿಯುತ್ತದೆ. ಅಲ್ಲಿ ಹಾವಸೆ, ಆಮೇಲೆ ಹುಲ್ಲು. ಬಿರುಕಿನಲ್ಲಿ ಹಕ್ಕಿ ಹಾಕಿದ ಬೀಜದಿಂದ ಅರಳಿಯೋ ಗೋಣಿಯೋ ಮೊಳೆತರೆ ಮುಂದಿನದು ನಿಮಗೇ ಗೊತ್ತು. ಹಳೆಯ ಮನೆಯ ಗೋಡೆಗೆ ಅರಳಿ ಏನು ಮಾಡುತ್ತದೆ ಅಂತ ಎಲ್ಲರೂ ನೋಡಿದ್ದೇವೆ.

ನಿಮ್ಮೂರು ಗ್ರಾನೈಟ್ ಸೀಮೆ ಅಲ್ಲದಿದ್ದರೆ

ಕಲ್ಲು ಬದಲಾದರೆ ಕೊಳೆಯುವ ರೀತಿಯೂ ಬದಲಾಗುತ್ತದೆ.

ವಿಜಯಪುರ, ಕಲಬುರಗಿ, ಬೀದರ್, ಬೆಳಗಾವಿಯ ಕಡೆ ಕಪ್ಪು ಬಸಾಲ್ಟ್. ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾ. ಅಲ್ಲಿ ರಸ್ತೆ ಕೊರೆದ ಕಡೆ ಈರುಳ್ಳಿ ಸಿಪ್ಪೆ ಇನ್ನೂ ಚೆನ್ನಾಗಿ ಕಾಣುತ್ತದೆ. ಈ ಕಲ್ಲಿನಲ್ಲಿ ಬೆಣಚು ಇಲ್ಲದ ಕಾರಣ ಕೊಳೆತ ಮೇಲೆ ಮರಳು ಉಳಿಯುವುದಿಲ್ಲ, ಬರೀ ಜೇಡಿ. ಅದೂ ನೀರು ಕುಡಿದರೆ ಉಬ್ಬುವ, ಒಣಗಿದರೆ ಕುಗ್ಗುವ ಜೇಡಿ. ಅದೇ ಎರೆಮಣ್ಣು. ಬೇಸಿಗೆಯಲ್ಲಿ ಎರೆ ಹೊಲ ಕೈ ಇಳಿಯುವಷ್ಟು ಬಾಯಿ ಬಿಡುವುದು ಈ ಗುಣದಿಂದ.

ಕರಾವಳಿಯಲ್ಲಿ ಕಥೆ ಬೇರೆ. ವರ್ಷಕ್ಕೆ 3,000 ಮಿ.ಮೀ.ಗಿಂತ ಜಾಸ್ತಿ ಮಳೆ, ಆಮೇಲೆ ಉದ್ದ ಬೇಸಿಗೆ. ನೀರು ಕಲ್ಲಿನ ಸಿಲಿಕಾವನ್ನೂ (ಬೆಣಚು, ಫೆಲ್ಡ್‌ಸ್ಪಾರ್‌ಗಳ ಮುಖ್ಯ ವಸ್ತು) ಬಿಡದೆ ತೊಳೆದು, ಕಬ್ಬಿಣ ಮತ್ತು ಅಲ್ಯೂಮಿನಿಯಂ ಮಾತ್ರ ಬಿಟ್ಟು ಹೋಗುತ್ತದೆ. ಅದೇ ಮುರಕಲ್ಲು, ಜಂಬಿಟ್ಟಿಗೆ. ಕಡಿಯುವಾಗ ಮೆತ್ತಗಿದ್ದು, ಗಾಳಿಗೆ ಬಂದ ಮೇಲೆ ಗಟ್ಟಿಯಾಗುತ್ತದೆ. 1807ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಕೇರಳದ ಅಂಗಾಡಿಪುರದಲ್ಲಿ ಕಂಡ ಈ ಕಲ್ಲಿಗೆ ಲ್ಯಾಟರೈಟ್ ಅಂತ ಹೆಸರು ಕೊಟ್ಟರು. ಲ್ಯಾಟಿನ್ ಭಾಷೆಯಲ್ಲಿ ಲೇಟರ್ ಅಂದರೆ ಇಟ್ಟಿಗೆ. ನಮ್ಮ ಜಂಬಿಟ್ಟಿಗೆಯಲ್ಲೂ ಇಟ್ಟಿಗೆ ಇದೆ, ಅಲ್ವಾ? ಮುರಕಲ್ಲಿನ ಕ್ವಾರಿ ಕಂಡರೆ ಕೆಂಪು ಪದರದ ಕೆಳಗೆ ಬಿಳಿ, ಹಳದಿ, ಗುಲಾಬಿ ಬಣ್ಣದ ಮೆತ್ತನೆ ಪದರ ಹುಡುಕಿ. ಅದು ಶೇಡಿ ಮಣ್ಣು. ಒಂದು ಕಾಲಕ್ಕೆ ಗೋಡೆ ಮೇಲೆ ಚಿತ್ತಾರ ಬರೆಯಲು ಹೆಂಗಸರು ಬಳಸುತ್ತಿದ್ದದ್ದು ಇದನ್ನೇ. ಒಣಗಿದ್ದಾಗ ಗೋಡೆಯ ಹಾಗೆ ನಿಲ್ಲುತ್ತದೆ, ನೀರು ತಾಗಿದರೆ ಬಲ ಪೂರ್ತಿ ಹೋಗುತ್ತದೆ. ದಯವಿಟ್ಟು ಇದನ್ನು ನೆನಪಿಡಿ: ಮನೆ ಹಿಂದೆ ಶೇಡಿ ಪದರವನ್ನು ನೆಟ್ಟಗೆ ಕೊರೆದು ಹಾಗೇ ಬಿಟ್ಟರೆ ಆಟಿಯ (ಆಷಾಢದ) ಮಳೆಯಲ್ಲಿ ಅದು ಕುಸಿಯುತ್ತದೆ. ಮೇಲಿನ ನೀರು ಬೇರೆ ಕಡೆ ಹೋಗುವ ಹಾಗೆ ಚರಂಡಿ ತೆಗೆಯುವುದು, ಇಳಿಜಾರನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿಯುವುದು ಮೊದಲ ಕೆಲಸ.

ಕುಮಟಾ ಹತ್ತಿರದ ಯಾಣಕ್ಕೆ ಹೋದರೆ ಅಲ್ಲಿರುವುದು ಸುಣ್ಣಕಲ್ಲು. 120 ಮೀಟರ್ ಎತ್ತರದ ಭೈರವೇಶ್ವರ ಶಿಖರ, 90 ಮೀಟರಿನ ಮೋಹಿನಿ ಶಿಖರ. ಸುಣ್ಣಕಲ್ಲು ಹುಳಿನೀರಿಗೆ ಪುಡಿಯಾಗುವುದಿಲ್ಲ, ಸಕ್ಕರೆಯ ಹಾಗೆ ಕರಗಿಯೇ ಹೋಗುತ್ತದೆ. ಚೂಪು ಅಂಚು, ಸೀಳು, ಗುಹೆ ಎಲ್ಲ ಅದರಿಂದ. ಮನೆಯಲ್ಲಿ ಒಂದು ಮೊಟ್ಟೆ ಚಿಪ್ಪನ್ನು ವಿನೆಗರಿನಲ್ಲಿ ಒಂದು ದಿನ ಇಟ್ಟು ನೋಡಿ, ಗುಳ್ಳೆ ಏಳುತ್ತಾ ಕರಗುತ್ತದೆ. ಆ ಚಿಪ್ಪು, ಈ ಶಿಖರ ಎರಡೂ ಕ್ಯಾಲ್ಸಿಯಂ ಕಾರ್ಬೋನೇಟ್.

ಬಾದಾಮಿಯದು ಮರಳುಗಲ್ಲು. ಅದರ ಮರಳು ಹಿಂದೊಮ್ಮೆ ಬೇರೆ ಬಂಡೆ ಕೊಳೆತು ಉಳಿದ ಬೆಣಚು. ಕಣಗಳನ್ನು ಹಿಡಿದಿರುವ ಅಂಟು ಹೋದರೆ ಕಣ ಉದುರುತ್ತದೆ. ಬಂಡೆಯ ಬುಡದಲ್ಲಿ ಬಿದ್ದ ಮರಳನ್ನು ಬೆರಳಲ್ಲಿ ತಗೊಂಡು ನೋಡಿ, ಸಾಕು.

ನೀರು ಹೆಪ್ಪುಗಟ್ಟಿ ಕಲ್ಲು ಸೀಳುವುದು ನಮ್ಮಲ್ಲಿ ಇಲ್ಲ. ಲಡಾಖ್ ಕಡೆ ಪ್ರವಾಸ ಹೋದವರು ಬೆಟ್ಟದ ಬುಡದಲ್ಲಿ ಚೂಪು ಕಲ್ಲುಗಳ ರಾಶಿ ನೋಡಿರುತ್ತೀರಿ. ನೀರು ಮಂಜುಗಡ್ಡೆಯಾದಾಗ ಸುಮಾರು 9 ಶೇಕಡಾ ಹಿಗ್ಗುತ್ತದೆ, ಬಿರುಕಿನಲ್ಲಿ ಬೆಣೆ ಹೊಡೆದ ಹಾಗೆ. ಅಲ್ಲಿನ ಕಲ್ಲುಗಳ ಮೂಲೆ ಚೂಪು, ಇಲ್ಲಿನವು ದುಂಡು.

ಆರನೇ ಹೆಜ್ಜೆ: ಗಡಿಯಾರ ಹುಡುಕಿ

ಇದೆಲ್ಲ ಎಷ್ಟು ನಿಧಾನ ಅಂತ ತಿಳಿಯಲು ತಾರೀಕು ಗೊತ್ತಿರುವ ಕಲ್ಲು ಬೇಕು. ನಮ್ಮಲ್ಲಿ ಅದಕ್ಕೆ ಬರ ಇಲ್ಲ. ಊರೂರಿಗೆ ಶಾಸನ, ವೀರಗಲ್ಲು ಇವೆ. ಬಾದಾಮಿಯ ಮೂರನೇ ಗುಹೆಯ ಶಾಸನ 578ನೇ ಇಸವಿಯದು. ಮಳೆ ತಾಗದ ಗುಹೆಯೊಳಗಿನ ಕೆತ್ತನೆಯನ್ನೂ, ಹೊರಗೆ ಮಳೆಗೆ ನಿಂತ ಕೆತ್ತನೆಯನ್ನೂ ಒಟ್ಟಿಗೆ ನೋಡಿ. ಹದಿನಾಲ್ಕು ಶತಮಾನದಲ್ಲಿ ಸೂರಿನ ಕೆಳಗೆ ಉಗುರು, ಒಡವೆ ಎಲ್ಲ ಉಳಿದಿವೆ. ನೀರು ಎಷ್ಟು ಮುಖ್ಯ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ನಿಮ್ಮೂರ ವೀರಗಲ್ಲಿಗೂ ಹೀಗೇ ಮಾಡಿ. ಯಾವ ಮುಖ ಮಳೆಗೆ ಎದುರಾಗಿದೆ, ಅಕ್ಷರ ಎಲ್ಲಿ ಮಾಸಿದೆ, ನೆಲಕ್ಕೆ ತಾಗುವ ಬುಡ ಹೇಗಿದೆ ಅಂತ ಬರೆದುಕೊಳ್ಳಿ. ಬುಡದಲ್ಲೇ ಜಾಸ್ತಿ ಉದುರಿರುತ್ತದೆ. ಮಣ್ಣಿನ ತೇವ ಮೇಲಕ್ಕೆ ಏರಿ, ಆರುವಾಗ ಉಪ್ಪಿನ ಹರಳು ಬಿಟ್ಟು, ಆ ಹರಳು ಬೆಳೆದು ಕಲ್ಲಿನ ಸಿಪ್ಪೆ ಎಬ್ಬಿಸುತ್ತದೆ. ಕಲ್ಲು ಚೆನ್ನಾಗಿರಲಿ ಅಂತ ಬುಡಕ್ಕೆ ಸಿಮೆಂಟ್ ಮೆತ್ತುವುದು, ಮೈಗೆ ಬಣ್ಣ ಬಳಿಯುವುದು ಬೇಡ. ಒಳಗಿನ ತೇವಕ್ಕೆ ಹೊರಬರಲು ದಾರಿ ಇಲ್ಲದೆ ಸಿಪ್ಪೆ ಇನ್ನೂ ಬೇಗ ಏಳುತ್ತದೆ. ಎಣ್ಣೆ ಸುರಿದರೆ ಧೂಳು ಅಂಟಿ ಅಕ್ಷರ ಮುಚ್ಚಿಹೋಗುತ್ತದೆ. ಸುತ್ತಲಿನ ನೀರು ಹರಿದು ಹೋಗಲು ಒಂದು ಸಣ್ಣ ಕಾಲುವೆ ತೆಗೆಯಲು ಊರವರನ್ನು ಕೇಳಿ. ಸಂರಕ್ಷಿತ ಸ್ಮಾರಕವಾಗಿದ್ದರೆ ಅದನ್ನೂ ಇಲಾಖೆಗೆ ತಿಳಿಸಿಯೇ ಮಾಡಿಸಬೇಕು.

ಕೊನೆಯದಾಗಿ, ಊರಿಗೆ ವಾಪಸ್ ಬಂದ ಮೇಲೆ ಬೋರ್‌ವೆಲ್ ಕೊರೆಸಿದ ಅಕ್ಕಪಕ್ಕದವರನ್ನು ಒಂದು ಮಾತು ಕೇಳಿ: "ಕೇಸಿಂಗ್ ಪೈಪು ಎಷ್ಟು ಅಡಿ ಇಳೀತು?" ಸಡಿಲ ಮಣ್ಣು, ಗರಸು ಇರುವಷ್ಟು ಆಳಕ್ಕೆ ಕೇಸಿಂಗ್ ಹಾಕುತ್ತಾರೆ, ಗಟ್ಟಿ ಬಂಡೆ ಸಿಕ್ಕ ಮೇಲೆ ನಿಲ್ಲಿಸುತ್ತಾರೆ. ಅಂದರೆ ಆ ಅಡಿಯ ಲೆಕ್ಕ ನಿಮ್ಮ ಕಾಲ ಕೆಳಗೆ ಬಂಡೆ ಎಷ್ಟು ಆಳದವರೆಗೆ ಕೊಳೆತಿದೆ ಅನ್ನುವ ಲೆಕ್ಕ. ಹಿಂದಿನ ತೆರೆದ ಬಾವಿಗಳಿಗೆ ನೀರು ಕೊಡುತ್ತಿದ್ದದ್ದೂ ಇದೇ ಪದರ. ಹತ್ತು ಮನೆಯಲ್ಲಿ ಕೇಳಿ, ಊರಿನ ನಕ್ಷೆ ಬರೆದು ಅದರ ಮೇಲೆ ಅಂಕಿ ಗುರುತು ಮಾಡಿ. ನಮ್ಮ ಬೀದಿಯಲ್ಲೇ ಒಂದು ಮನೆಗೂ ನಾಲ್ಕನೇ ಮನೆಗೂ ನಲವತ್ತು ಅಡಿ ವ್ಯತ್ಯಾಸ ಬಂತು. ಅಕ್ಕನ ಮಗಳು ಆ ನಕ್ಷೆಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾಳೆ, ಹೊಸ ಬೋರ್ ಲಾರಿ ಬೀದಿಗೆ ಬಂದಾಗಲೆಲ್ಲ ಪೆನ್ಸಿಲ್ ಹಿಡಿದು ಓಡುತ್ತಾಳೆ.